ಕ್ಯಾಸೆಟ್‌ಗೆ ಉಫ್ ಎಂದು ಊದಿದರೆ ಗೇಮ್ ಸರಿಹೋಗುತ್ತಿತ್ತೇ?

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋಗುತ್ತಿದ್ದವರಿಗೆ ಈ ದೃಶ್ಯ ಚೆನ್ನಾಗಿ ನೆನಪಿರುತ್ತದೆ. ಬೇಸಿಗೆ ರಜೆಯ ಮಧ್ಯಾಹ್ನ, ಟೀವಿಯ ಮುಂದೆ ನಾಲ್ಕೈದು ಮಕ್ಕಳು. ವಿಡಿಯೋ ಗೇಮ್ ಪೆಟ್ಟಿಗೆಗೆ ಕ್ಯಾಸೆಟ್ ಸಿಕ್ಕಿಸಿ ಸ್ವಿಚ್ ಒತ್ತಿದರೆ ಪರದೆಯ ತುಂಬ ಅರ್ಥವಿಲ್ಲದ ಚೌಕಗಳು. ಆಗ ಗುಂಪಿನಲ್ಲಿ ಅನುಭವಿ ಎನಿಸಿಕೊಂಡವನು ಕ್ಯಾಸೆಟ್ಟನ್ನು ಹೊರಗೆಳೆದು, ಮೌತ್ ಆರ್ಗನ್ ನುಡಿಸುವವನ ಗತ್ತಿನಲ್ಲಿ ಬಾಯಿಗಿಟ್ಟು, ಈ ತುದಿಯಿಂದ ಆ ತುದಿಯವರೆಗೆ ‘ಉಫ್’ ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದ. ಮಾರಿಯೋ ಪ್ರತ್ಯಕ್ಷ!

ಊದಿಯೇ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡಿದ ತಲೆಮಾರು ನಮ್ಮದು ಎನ್ನುವ ಅರ್ಥದ ಫಾರ್ವರ್ಡ್‌ಗಳು ನಿಮ್ಮ ಫೋನಿಗೂ ಬಂದಿರಬಹುದು. ಗೇಮ್ ಪೆಟ್ಟಿಗೆಗಳ ಬಗ್ಗೆ ಓಡಾಡುವ ಇನ್ನೆರಡು ಮಾತುಗಳೂ ಇವೆ. ಈಗಿನ ಒಂದು ಗೇಮಿಂಗ್ ಕನ್ಸೋಲ್ ಹಳೆಯ ಸೂಪರ್ ಕಂಪ್ಯೂಟರ್‌ಗಿಂತ ಶಕ್ತಿಶಾಲಿ ಎನ್ನುವುದು ಒಂದು. ಸದ್ದಾಂ ಹುಸೇನ್ ಕ್ಷಿಪಣಿ ನಿಯಂತ್ರಣಕ್ಕಾಗಿ ಸಾವಿರಾರು ಪ್ಲೇಸ್ಟೇಷನ್ ಕೊಂಡಿದ್ದ ಎನ್ನುವುದು ಇನ್ನೊಂದು. ಈ ಮೂರೂ ಮಾತುಗಳ ಹಿಂದೆ ಇರುವುದು ಒಂದೇ ವಿಷಯ: ಕನ್ಸೋಲ್ ಕಂಪನಿಗಳು ತಮ್ಮ ಯಂತ್ರಗಳನ್ನು ಹೇಗೆ ವಿನ್ಯಾಸ ಮಾಡುತ್ತವೆ ಮತ್ತು ಹೇಗೆ ಮಾರುತ್ತವೆ ಎನ್ನುವುದು. ಮಗ ಅಥವಾ ಮಗಳ ಒತ್ತಾಯಕ್ಕೆ ಐವತ್ತು ಸಾವಿರ ರೂಪಾಯಿಯ ಪೆಟ್ಟಿಗೆಯೊಂದನ್ನು ಕೊಳ್ಳಲು ಹೊರಟಿರುವವರಿಗಂತೂ ಇದನ್ನು ತಿಳಿದಿರುವುದು ಒಳ್ಳೆಯದು.

ಉಸಿರಿನಲ್ಲಿ ಮಾಯೆ ಇತ್ತೇ?

ಮೊದಲಿಗೆ ಊದುವ ವಿಷಯ. ನಾವು ಕ್ಯಾಸೆಟ್ ಎಂದು ಕರೆಯುತ್ತಿದ್ದುದು ನಿಜಕ್ಕೂ ಕ್ಯಾಸೆಟ್ ಅಲ್ಲ, ಕಾರ್ಟ್ರಿಡ್ಜ್. ಅದರೊಳಗೆ ಟೇಪ್ ಇರುವುದಿಲ್ಲ. ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು, ಅದರ ಮೇಲೆ ಆಟವನ್ನು ಹಿಡಿದಿಟ್ಟ ಮೆಮೊರಿ ಚಿಪ್ಪು ಇರುತ್ತವೆ. ಬೋರ್ಡಿನ ಅಂಚಿನಲ್ಲಿ ಸಾಲಾಗಿ ಲೋಹದ ಪಟ್ಟಿಗಳಿರುತ್ತವೆ. ಕಾರ್ಟ್ರಿಡ್ಜನ್ನು ಪೆಟ್ಟಿಗೆಗೆ ಸಿಕ್ಕಿಸಿದಾಗ ಈ ಪಟ್ಟಿಗಳು ಒಳಗಿನ ಪಿನ್‌ಗಳನ್ನು ಮುಟ್ಟಬೇಕು. ಒಂದೆರಡು ಪಿನ್ ಸರಿಯಾಗಿ ಮುಟ್ಟದಿದ್ದರೂ ಪೆಟ್ಟಿಗೆ ಓದುವ ಮಾಹಿತಿ ತಪ್ಪಾಗುತ್ತದೆ, ಪರದೆಯ ಮೇಲೆ ಚೌಕಗಳು ಮೂಡುತ್ತವೆ.

ಧೂಳು ಮತ್ತು ಗಾಳಿಯ ಸಂಪರ್ಕದಿಂದ ಲೋಹದ ಮೇಲೆ ಕಟ್ಟುವ ಆಕ್ಸೈಡ್ ಪದರ, ಇವೆರಡೂ ಸಂಪರ್ಕಕ್ಕೆ ಅಡ್ಡಿ. ಕಾರ್ಟ್ರಿಡ್ಜನ್ನು ಹೊರತೆಗೆದು ಮತ್ತೆ ಸಿಕ್ಕಿಸುವಾಗ ಪಿನ್‌ಗಳು ಪಟ್ಟಿಗಳ ಮೇಲೆ ಉಜ್ಜಿಕೊಂಡು ಹೋಗುತ್ತವೆ. ಆ ಉಜ್ಜುವಿಕೆಯಲ್ಲಿ ಪದರ ಸ್ವಲ್ಪ ಕೆರೆದುಹೋಗುತ್ತದೆ, ಜೊತೆಗೆ ಪಿನ್‌ಗಳು ಈ ಬಾರಿ ಒಂದಿಷ್ಟು ಬೇರೆ ಜಾಗದಲ್ಲಿ ಕೂರುತ್ತವೆ. ಗೇಮ್ ಸರಿಹೋಗುತ್ತಿದ್ದುದಕ್ಕೆ ಮುಖ್ಯ ಕಾರಣ ಇದು. ಊದುವುದಕ್ಕೂ ಮುಂಚೆ ನಾವೆಲ್ಲ ಕ್ಯಾಸೆಟ್ ತೆಗೆಯುತ್ತಿದ್ದೆವು, ಊದಿದ ಮೇಲೆ ಮತ್ತೆ ಹಾಕುತ್ತಿದ್ದೆವು. ಕೆಲಸ ಮಾಡಿದ್ದು ತೆಗೆದು ಹಾಕಿದ್ದು, ಹೆಸರು ಬಂದದ್ದು ಊದಿದ್ದಕ್ಕೆ. ಸುಮ್ಮನೆ ಎರಡು ಸಲ ತೆಗೆದು ಹಾಕಿದ್ದರೂ ಬಹುತೇಕ ಸಲ ಅದೇ ಫಲ ಸಿಗುತ್ತಿತ್ತು. ಆದರೆ ಊದದೆ ಹಾಕಿ ಪರೀಕ್ಷಿಸುವ ತಾಳ್ಮೆ ಆಗ ಯಾರಿಗಿತ್ತು!

ಊದುವುದರಿಂದ ಲಾಭವಿರಲಿ, ನಷ್ಟವೇ ಹೆಚ್ಚು. ಉಸಿರಿನಲ್ಲಿ ತೇವಾಂಶವಿರುತ್ತದೆ, ಜೊತೆಗೆ ಒಂದಿಷ್ಟು ಎಂಜಲೂ ಹಾರುತ್ತದೆ. ಇವು ಲೋಹದ ಪಟ್ಟಿಗಳ ಮೇಲೆ ಕೂತು ನಿಧಾನವಾಗಿ ತುಕ್ಕು ಹಿಡಿಸುತ್ತವೆ. ಊದಬೇಡಿ, ಬಾಯಿಯ ತೇವದಿಂದ ಪಿನ್‌ಗಳು ಹಾಳಾಗುತ್ತವೆ ಎಂದು ಇಂಥ ಪೆಟ್ಟಿಗೆಯ ಮೂಲ ತಯಾರಕರಾದ ನಿಂಟೆಂಡೊ ಕಂಪನಿಯವರೇ ಬಳಕೆದಾರರನ್ನು ಎಚ್ಚರಿಸಿದ್ದರು. ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಸಿಕ್ಕರೆ ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಪಟ್ಟಿಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಬಳಸಿ. ಮೊಬೈಲಿನ ಚಾರ್ಜಿಂಗ್ ಕಿಂಡಿಗೆ ಊದುವ ಅಭ್ಯಾಸವೂ ಇದೇ ವಂಶದ್ದು. ಅಲ್ಲಿಯೂ ಫೋನ್ ಆಫ್ ಮಾಡಿ, ಒಣಗಿದ ಮೆದು ಬ್ರಷ್‌ನಿಂದ ಜೇಬಿನ ನೂಲು, ಧೂಳನ್ನು ತೆಗೆಯುವುದು ಸರಿಯಾದ ದಾರಿ. ಸೇಫ್ಟಿ ಪಿನ್ ಬೇಡ.

ಇಲ್ಲಿಗೆ ಫಾರ್ವರ್ಡ್‌ನ ಉತ್ತರ ಮುಗಿಯಿತು. ಆದರೆ ಅಮೆರಿಕದ ಮಕ್ಕಳಿಗೆ ಈ ಊದುವ ಚಟ ಅಷ್ಟು ಜೋರಾಗಿ ಹತ್ತಿದ್ದು ಯಾಕೆ ಎಂದು ಕೇಳಿದರೆ, ಉತ್ತರ ಮಾರಾಟ ವಿಭಾಗದಲ್ಲಿ ಸಿಗುತ್ತದೆ.

ಗೇಮ್ ಪೆಟ್ಟಿಗೆಗೆ ವಿಸಿಆರ್ ವೇಷ

ನಿಂಟೆಂಡೊ ತನ್ನ ಫ್ಯಾಮಿಕಾಮ್ ಯಂತ್ರವನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 1983ರ ಜುಲೈನಲ್ಲಿ. ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರ್ ನೇತೃತ್ವದಲ್ಲಿ ತಯಾರಾದ ಈ ಕೆಂಪು-ಬಿಳಿ ಪೆಟ್ಟಿಗೆಯ ಬೆಲೆ 14,800 ಯೆನ್. ನೋಡಿದರೆ ಸಾಕು, ಇದು ಮಕ್ಕಳ ಆಟಿಕೆ ಎಂದು ಗೊತ್ತಾಗುತ್ತಿತ್ತು. ಕಾರ್ಟ್ರಿಡ್ಜನ್ನು ಮೇಲಿನಿಂದ ನೇರವಾಗಿ ಒತ್ತಿ ಸಿಕ್ಕಿಸಬೇಕಿತ್ತು. ಸರಳ, ಗಟ್ಟಿ.

ಇದನ್ನೇ ಅಮೆರಿಕದಲ್ಲಿ ಮಾರಲು ಹೊರಟಾಗ ದೊಡ್ಡ ತೊಡಕು ಎದುರಾಯಿತು. ಅಲ್ಲಿನ ವಿಡಿಯೋ ಗೇಮ್ ಮಾರುಕಟ್ಟೆ ಅದೇ 1983ರಲ್ಲಿ ನೆಲಕಚ್ಚಿತ್ತು. ಕಳಪೆ ಆಟಗಳ ಪ್ರವಾಹ, ಅಂಗಡಿಗಳಲ್ಲಿ ಕೊಳೆಯುತ್ತಿದ್ದ ದಾಸ್ತಾನು, ಮುಚ್ಚಿದ ಕಂಪನಿಗಳು. ಅಟಾರಿ ಕಂಪನಿ ಮಾರಾಟವಾಗದ ಕಾರ್ಟ್ರಿಡ್ಜ್‌ಗಳನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿತ್ತು. ಇದು ಬರೀ ಕಟ್ಟುಕಥೆ ಎಂದು ಎಷ್ಟೋ ಜನ ನಂಬಿದ್ದರು. 2014ರ ಏಪ್ರಿಲ್‌ನಲ್ಲಿ ಅಗೆದು ನೋಡಿದಾಗ ಕಾರ್ಟ್ರಿಡ್ಜ್‌ಗಳು ನಿಜವಾಗಿಯೂ ಸಿಕ್ಕವು. ಹೀಗಾಗಿ 1985ರ ಹೊತ್ತಿಗೆ ವಿಡಿಯೋ ಗೇಮ್ ಎಂಬ ಪದ ಕೇಳಿದರೆ ಅಂಗಡಿಯವರು ಬಾಗಿಲು ಹಾಕಿಕೊಳ್ಳುವ ಸ್ಥಿತಿ.

ಆಗ ನಿಂಟೆಂಡೊ ಮಾಡಿದ್ದು ವೇಷ ಬದಲಾವಣೆ. ಹೆಸರಿನಲ್ಲಿ ಗೇಮ್ ಎಂಬ ಪದವೇ ಇಲ್ಲದಂತೆ ‘ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್’ ಎಂದು ಕರೆದರು. ಪೆಟ್ಟಿಗೆಗೆ ‘ಕಂಟ್ರೋಲ್ ಡೆಕ್’ ಎಂದರು. ಲ್ಯಾನ್ಸ್ ಬಾರ್ ಎಂಬ ವಿನ್ಯಾಸಕಾರ ಅದಕ್ಕೆ ಬೂದು ಬಣ್ಣದ, ಚೌಕಾಕಾರದ, ಆಗ ಮನೆಮನೆಗೆ ಬರುತ್ತಿದ್ದ ವಿಸಿಆರ್ ಅನ್ನು ಹೋಲುವ ಹೊರಮೈ ಕೊಟ್ಟರು. ಜೊತೆಗೆ ರಾಬ್ ಎಂಬ ಪುಟ್ಟ ರೋಬೋ. ಅದು ಟೀವಿ ಪರದೆಯ ಮಿನುಗನ್ನು ನೋಡಿ ಕೈ ಆಡಿಸುತ್ತಿತ್ತು. ಇದು ಗೇಮ್ ಅಲ್ಲ, ರೋಬೋ ಆಟಿಕೆ ಎಂದು ಅಂಗಡಿಯವರಿಗೆ ತೋರಿಸುವುದೇ ಅದರ ಮುಖ್ಯ ಕೆಲಸ. ಇದಕ್ಕೆಂದು ಬಂದ ಆಟಗಳು ಎರಡೇ ಎರಡು! 1985ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಪ್ರಾಯೋಗಿಕ ಮಾರಾಟ ಶುರುವಾಯಿತು. ಮಾರಾಟವಾಗದೆ ಉಳಿದದ್ದನ್ನು ವಾಪಸ್ ಪಡೆಯುತ್ತೇವೆ ಎಂಬ ಭರವಸೆಯನ್ನೂ ಕಂಪನಿ ಅಂಗಡಿಗಳಿಗೆ ಕೊಟ್ಟಿತ್ತು.

ಉಪಾಯ ಫಲಿಸಿತು. ಜಪಾನ್ ಆವೃತ್ತಿಯನ್ನೂ ಸೇರಿಸಿ ಆರು ಕೋಟಿಗೂ ಹೆಚ್ಚು ಪೆಟ್ಟಿಗೆಗಳು ಮಾರಾಟವಾದವು. ಆದರೆ ವಿಸಿಆರ್ ವೇಷಕ್ಕೆ ತೆತ್ತ ಬೆಲೆ ಒಳಗಿತ್ತು. ವಿಸಿಆರ್‌ನಂತೆ ಕಾಣಬೇಕಾದರೆ ಕಾರ್ಟ್ರಿಡ್ಜ್ ಮುಂದಿನಿಂದ ಒಳಹೋಗಬೇಕು. ಹಾಗಾಗಿ ಅದನ್ನು ಅಡ್ಡಲಾಗಿ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ ಕೂರಿಸುವ ಹೊಸ ವ್ಯವಸ್ಥೆ ಮಾಡಿದರು. ಸಿಕ್ಕಿಸಲು ಬಲ ಹಾಕಬೇಕಿಲ್ಲ ಎನ್ನುವುದು ಇದರ ಹೆಚ್ಚುಗಾರಿಕೆ. ಬಲ ಹಾಕಬೇಕಿಲ್ಲ ಎಂದರೆ ಉಜ್ಜುವಿಕೆಯೂ ಕಡಿಮೆ, ಪಟ್ಟಿಗಳು ತಾವಾಗಿ ಸ್ವಚ್ಛವಾಗುವುದೂ ಕಡಿಮೆ. ಒತ್ತಿ ಒತ್ತಿ 72 ಪಿನ್‌ಗಳ ಕನೆಕ್ಟರ್ ಕಾಲಕ್ರಮೇಣ ಸಡಿಲವಾಗುತ್ತಿತ್ತು.

ಇದರ ಮೇಲೆ ಇನ್ನೊಂದು ಚಿಪ್ಪು. ಅನುಮತಿಯಿಲ್ಲದವರು ಆಟ ತಯಾರಿಸಬಾರದೆಂದು ನಿಂಟೆಂಡೊ ಪೆಟ್ಟಿಗೆಯಲ್ಲೊಂದು, ಪ್ರತಿ ಕಾರ್ಟ್ರಿಡ್ಜ್‌ನಲ್ಲೊಂದು ಬೀಗದ ಚಿಪ್ಪು ಇಟ್ಟಿತ್ತು. ಆಟ ನಡೆಯುವಷ್ಟು ಹೊತ್ತೂ ಇವೆರಡೂ ಒಂದಕ್ಕೊಂದು ಗುಟ್ಟಿನ ಸಂಕೇತ ಹೇಳಿಕೊಳ್ಳುತ್ತಿರಬೇಕು. ಸಂಕೇತ ತಪ್ಪಿದರೆ ಪೆಟ್ಟಿಗೆ ಸೆಕೆಂಡಿಗೊಮ್ಮೆ ರೀಸೆಟ್ ಆಗುತ್ತದೆ. ಪಿನ್ ಸಡಿಲವಾದರೂ ಸಂಕೇತ ತಪ್ಪುತ್ತದಲ್ಲ! ದುಡ್ಡು ಕೊಟ್ಟು ಅಸಲಿ ಆಟ ತಂದ ಮಗುವಿನ ಎದುರು ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಆಗ ಶುರುವಾಗುತ್ತಿತ್ತು ಊದುವ ಸೇವೆ.

1993ರಲ್ಲಿ ನಿಂಟೆಂಡೊ ಇದೇ ಯಂತ್ರದ ಅಗ್ಗದ ಆವೃತ್ತಿಯೊಂದನ್ನು ತಂದಿತು. ಅದರಲ್ಲಿ ಕಾರ್ಟ್ರಿಡ್ಜ್ ಮತ್ತೆ ಮೇಲಿನಿಂದಲೇ ಒಳಹೋಗುತ್ತಿತ್ತು, ಬೀಗದ ಚಿಪ್ಪೂ ಇರಲಿಲ್ಲ. ಮಿಣುಕುವ ದೀಪದ ಕಾಟವೂ ಅಲ್ಲಿಗೆ ಮುಗಿಯಿತು. ಅಷ್ಟು ಹೊತ್ತಿಗೆ ವೇಷದ ಅಗತ್ಯವೂ ಮುಗಿದಿತ್ತು ಅನ್ನಿ.

ನಮ್ಮ ಮನೆಗಳಿಗೆ ಬಂದದ್ದು ಈ ಅಮೆರಿಕನ್ ಪೆಟ್ಟಿಗೆಯಲ್ಲ, ಹೆಚ್ಚಾಗಿ ಜಪಾನಿನ ಫ್ಯಾಮಿಕಾಮ್‌ನ ನಕಲುಗಳು. ಅದಕ್ಕೂ ಕಾರಣವಿದೆ. ಫ್ಯಾಮಿಕಾಮ್‌ನಲ್ಲಿ ಆ ಬೀಗದ ಚಿಪ್ಪು ಇರಲಿಲ್ಲ. ಹಾಗಾಗಿ ನಕಲು ಮಾಡುವುದು ಸುಲಭ, ನೂರಾರು ಆಟಗಳನ್ನು ಒಂದೇ ಕಾರ್ಟ್ರಿಡ್ಜ್‌ಗೆ ತುಂಬುವುದೂ ಸುಲಭ. ‘9999999 ಇನ್ 1’ ಎಂಬ ಲೇಬಲ್ ನೆನಪಿದೆಯೇ? ಒಳಗಿರುತ್ತಿದ್ದುದು ಬೆರಳೆಣಿಕೆಯ ಆಟಗಳು, ಮಿಕ್ಕಿದ್ದೆಲ್ಲ ಅವೇ ಆಟಗಳು ಬೇರೆ ಬೇರೆ ಹಂತದಿಂದ ಶುರುವಾಗುವ ಪುನರಾವರ್ತನೆ. ಬೀಗವಿಲ್ಲದ ಕಾರಣ ನಮ್ಮ ಪೆಟ್ಟಿಗೆಗಳಲ್ಲಿ ದೀಪ ಮಿಣುಕುತ್ತಿರಲಿಲ್ಲ, ಬದಲಿಗೆ ಚೌಕಗಳು ಕಾಣಿಸುತ್ತಿದ್ದವು. ಲೇಬಲ್ ಮೇಲಿನ ಸಂಖ್ಯೆಯನ್ನು ನಂಬಬಾರದು ಎಂಬ ಪಾಠವನ್ನು ಬಹಳಷ್ಟು ಕನ್ನಡದ ಮಕ್ಕಳು ಕಲಿತದ್ದು ಅಲ್ಲೇ ಇರಬೇಕು.

ಬಿಟ್ಟು ಲೆಕ್ಕದ ಜಗಳ

ಅಸಲಿ ಕಂಪನಿಗಳ ಲೇಬಲ್‌ಗಳೂ ಕಡಿಮೆಯಿರಲಿಲ್ಲ. ಸೇಗಾ ಕಂಪನಿ ತನ್ನ ಮೆಗಾ ಡ್ರೈವ್ ಕನ್ಸೋಲಿನ ನೆತ್ತಿಯ ಮೇಲೆ ‘16 ಬಿಟ್’ ಎಂದು ದೊಡ್ಡದಾಗಿ ಬರೆಸಿತು. ಎನ್‌ಇಸಿ ಕಂಪನಿ 1989ರಲ್ಲಿ ಅಮೆರಿಕಕ್ಕೆ ತಂದ ಯಂತ್ರಕ್ಕೆ ಟರ್ಬೋಗ್ರಾಫಿಕ್ಸ್ 16 ಎಂದೇ ಹೆಸರಿಟ್ಟಿತು. ಅದರ ಗ್ರಾಫಿಕ್ಸ್ ಚಿಪ್ಪುಗಳು 16 ಬಿಟ್‌ನವು ನಿಜ. ಮುಖ್ಯ ಪ್ರೊಸೆಸರ್ ಮಾತ್ರ 8 ಬಿಟ್‌ನದು. 1993ರಲ್ಲಿ ಅಟಾರಿ ತನ್ನ ಜಾಗ್ವಾರ್ ಕನ್ಸೋಲನ್ನು 64 ಬಿಟ್ ಎಂದು ಸಾರಿತು. ಲೆಕ್ಕ ಮಾಡಿ ನೋಡಿ ಎನ್ನುವುದೇ ಆ ಜಾಹೀರಾತಿನ ಧಾಟಿ. ಅದರೊಳಗೆ 64 ಬಿಟ್ ಅಗಲದ ದಾರಿಗಳೇನೋ ಇದ್ದವು, ಆದರೆ ಲೆಕ್ಕ ಮಾಡುವ ಮುಖ್ಯ ಪ್ರೊಸೆಸರ್‌ಗಳು 32 ಬಿಟ್‌ನವು. ಜನ ಲೆಕ್ಕ ಮಾಡಿದರೋ ಇಲ್ಲವೋ, ಒಳ್ಳೆಯ ಆಟಗಳಿಲ್ಲದ ಆ ಯಂತ್ರವನ್ನು ಕೊಂಡವರು ಕೆಲವೇ ಮಂದಿ.

ಬಿಟ್ ಎಂದರೆ ಪ್ರೊಸೆಸರ್ ಒಂದೇಟಿಗೆ ಎಷ್ಟು ದೊಡ್ಡ ಸಂಖ್ಯೆಯನ್ನು ಹಿಡಿಯಬಲ್ಲದು ಎಂಬುದರ ಅಳತೆ. ದೊಡ್ಡ ಬುಟ್ಟಿ ಇದ್ದರೆ ಒಂದು ಸಲಕ್ಕೆ ಹೆಚ್ಚು ಮಾವು ಹೊರಬಹುದು. ಆದರೆ ಹೊರುವವನ ವೇಗ, ದಾರಿಯ ಅಗಲ, ತೋಟದಲ್ಲಿ ಹಣ್ಣು ಎಷ್ಟಿದೆ ಎನ್ನುವುದೆಲ್ಲ ಬುಟ್ಟಿಯ ಮೇಲೆ ಬರೆದಿರುವುದಿಲ್ಲ.

ಈ ಕಾಲದ ಅತ್ಯಂತ ಮಜವಾದ ಪದ ‘ಬ್ಲಾಸ್ಟ್ ಪ್ರೊಸೆಸಿಂಗ್’. ತನ್ನ ಯಂತ್ರದಲ್ಲಿ ಇದಿದೆ, ನಿಂಟೆಂಡೊದಲ್ಲಿ ಇಲ್ಲ ಎಂದು ಸೇಗಾ ಅಮೆರಿಕದ ಟೀವಿಯಲ್ಲಿ ಅಬ್ಬರಿಸಿತು. ಸೇಗಾದ ತಂತ್ರಜ್ಞರಾಗಿದ್ದ ಸ್ಕಾಟ್ ಬೇಲೆಸ್ ಮುಂದೆ ಹೇಳಿಕೊಂಡ ಪ್ರಕಾರ, ಚಿಪ್ಪಿಗೆ ಬಣ್ಣದ ಮಾಹಿತಿಯನ್ನು ಭರ್ರನೆ ಸುರಿಯುವ ಒಂದು ಕುಶಲ ತಂತ್ರದ ಬಗ್ಗೆ ಅವರು ವಿವರಿಸುವಾಗ ಬಳಸಿದ ‘ಬ್ಲಾಸ್ಟ್’ ಎಂಬ ಪದವನ್ನು ಮಾರಾಟ ವಿಭಾಗದವರು ಹಿಡಿದುಕೊಂಡುಬಿಟ್ಟರು. ಆ ತಂತ್ರ ಆಗಿನ ಆಟಗಳಲ್ಲಿ ಬಳಕೆಗೆ ಬರಲೇ ಇಲ್ಲ ಎನ್ನಬಹುದು. ಹಾಗೆಂದು ಸೇಗಾ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅದರ ಪ್ರೊಸೆಸರ್ ಸುಮಾರು 7.6 ಮೆಗಾಹರ್ಟ್ಸ್ ವೇಗದ್ದು, ನಿಂಟೆಂಡೊದ್ದು ಗರಿಷ್ಠ 3.58 ಮೆಗಾಹರ್ಟ್ಸ್. ಆದರೆ ಎರಡೂ ಬೇರೆ ಬೇರೆ ಬಗೆಯ ಪ್ರೊಸೆಸರ್‌ಗಳು, ಒಂದು ಬಡಿತಕ್ಕೆ ಮಾಡುವ ಕೆಲಸವೂ ಬೇರೆ. ಬಣ್ಣಗಳ ವಿಷಯದಲ್ಲಿ ನಿಂಟೆಂಡೊ ಮುಂದಿತ್ತು. ಸತ್ಯದ ಒಂದು ಎಳೆಯನ್ನು ಹಿಡಿದು ಇಡೀ ಸೀರೆಯನ್ನೇ ನೇಯುವ ಈ ಕಲೆ ಈಗಿನ ಫಾರ್ವರ್ಡ್ ಬರೆಯುವವರಿಗೂ ಚೆನ್ನಾಗಿ ಗೊತ್ತು.

ಸದ್ದಾಂ ಮತ್ತು ಪ್ಲೇಸ್ಟೇಷನ್

ಸೋನಿಯ ಪ್ಲೇಸ್ಟೇಷನ್ 2 ಜಪಾನಿನಲ್ಲಿ ಬಿಡುಗಡೆಯಾದದ್ದು 2000ನೇ ಇಸವಿಯ ಮಾರ್ಚ್ 4ರಂದು. ಅದರ ಪ್ರೊಸೆಸರ್‌ಗೆ ಕಂಪನಿ ಇಟ್ಟ ಹೆಸರು ‘ಎಮೋಷನ್ ಎಂಜಿನ್’! ಮುಂದಿನ ತಿಂಗಳು ಜಪಾನ್ ಸರ್ಕಾರ ಈ ಯಂತ್ರವನ್ನು ಸೇನಾ ಬಳಕೆಗೂ ಒದಗಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿ, ಹೆಚ್ಚಿನ ಪ್ರಮಾಣದಲ್ಲಿ ರಫ್ತು ಮಾಡಲು ಅನುಮತಿ ಬೇಕು ಎಂದಿತು. ಚಿತ್ರಗಳನ್ನು ವೇಗವಾಗಿ ಸಂಸ್ಕರಿಸುವ ಸಾಮರ್ಥ್ಯ ಕ್ಷಿಪಣಿಗಳಿಗೂ ಬಳಕೆಯಾಗಬಹುದು ಎಂಬುದು ಕಾರಣ. ಇಷ್ಟು ನಿಜ. ಇದಕ್ಕಿಂತ ದೊಡ್ಡ ಜಾಹೀರಾತು ಯಾವ ಕಂಪನಿಗೆ ತಾನೇ ಬೇಕು?

ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ಸುದ್ದಿ ತಾಣ, ಇರಾಕ್ ಸುಮಾರು 4,000 ಪ್ಲೇಸ್ಟೇಷನ್ 2 ಖರೀದಿಸಿದೆ, ಅವನ್ನು ಜೋಡಿಸಿ ಸೂಪರ್ ಕಂಪ್ಯೂಟರ್ ಮಾಡುವ ಹುನ್ನಾರವಿದೆ ಎಂದು ಬರೆಯಿತು. ಇದಕ್ಕೆ ಪುರಾವೆ ಎಂದೂ ಸಿಗಲಿಲ್ಲ. ಆಗಿನ ಪ್ಲೇಸ್ಟೇಷನ್ 2ರಲ್ಲಿ ನೆಟ್‌ವರ್ಕ್ ಸಂಪರ್ಕವೇ ಅಂತರ್ಗತವಾಗಿರಲಿಲ್ಲ, ಸಾವಿರಾರು ಪೆಟ್ಟಿಗೆಗಳನ್ನು ಜೋಡಿಸುವುದು ಆಮೇಲಿನ ಮಾತು. ಆದರೂ ಇಪ್ಪತ್ತೈದು ವರ್ಷದಿಂದ ಈ ಕಥೆ ಊರೂರು ಸುತ್ತುತ್ತಲೇ ಇದೆ.

ವಿಚಿತ್ರವೆಂದರೆ ಹತ್ತು ವರ್ಷದ ನಂತರ ಇಂಥದ್ದೇ ಕೆಲಸವನ್ನು ಅಮೆರಿಕದ ವಾಯುಪಡೆಯೇ ಮಾಡಿತು. ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಊರಿನಲ್ಲಿರುವ ಅದರ ಸಂಶೋಧನಾ ಪ್ರಯೋಗಾಲಯ 2010ರಲ್ಲಿ ಸುಮಾರು 1,760 ಪ್ಲೇಸ್ಟೇಷನ್ 3 ಯಂತ್ರಗಳನ್ನು ಜೋಡಿಸಿ ‘ಕಾಂಡರ್ ಕ್ಲಸ್ಟರ್’ ಕಟ್ಟಿತು. ಖರ್ಚು ಸುಮಾರು 20 ಲಕ್ಷ ಡಾಲರ್. ರಾಡಾರ್ ಮತ್ತು ಉಪಗ್ರಹ ಚಿತ್ರಗಳ ಸಂಸ್ಕರಣೆಗೆ ಅದನ್ನು ಬಳಸಿದರು. ಬೇರೆ ರೀತಿಯಲ್ಲಿ ಕಟ್ಟಿದ್ದರೆ ಇದರ ಹಲವು ಪಟ್ಟು ಹಣ ಬೇಕಿತ್ತು.

ಅಷ್ಟು ಅಗ್ಗವಾದದ್ದು ಹೇಗೆ? ಸೋನಿ, ತೋಷಿಬಾ ಮತ್ತು ಐಬಿಎಂ ಸೇರಿ ರೂಪಿಸಿದ ಸೆಲ್ ಪ್ರೊಸೆಸರ್ ಶಕ್ತಿಶಾಲಿಯಾಗಿತ್ತು ಎನ್ನುವುದು ಅರ್ಧ ಉತ್ತರ. ಉಳಿದರ್ಧ, ಸೋನಿ ಪೆಟ್ಟಿಗೆಯನ್ನು ನಷ್ಟಕ್ಕೆ ಮಾರುತ್ತಿತ್ತು. 2006ರ ನವೆಂಬರ್‌ನಲ್ಲಿ ಐಸಪ್ಲೈ ಎಂಬ ವಿಶ್ಲೇಷಣಾ ಸಂಸ್ಥೆ ಪ್ಲೇಸ್ಟೇಷನ್ 3 ಅನ್ನು ಬಿಚ್ಚಿ ಲೆಕ್ಕ ಹಾಕಿದಾಗ, 599 ಡಾಲರ್‌ಗೆ ಮಾರುತ್ತಿದ್ದ ಮಾದರಿಯ ತಯಾರಿಕೆಗೆ ಸುಮಾರು 840 ಡಾಲರ್ ತಗಲುತ್ತಿತ್ತು. ಪೆಟ್ಟಿಗೆಯಲ್ಲಿ ಕಳೆದುಕೊಂಡದ್ದನ್ನು ಆಟಗಳಲ್ಲಿ ಗಳಿಸುವುದು ಯೋಜನೆ. ಪ್ರತಿ ಆಟ ಮಾರಾಟವಾದಾಗಲೂ ಅದರ ಒಂದು ಪಾಲು ಕನ್ಸೋಲ್ ಕಂಪನಿಗೆ ಹೋಗುತ್ತದೆ. ಪ್ರಿಂಟರ್ ಅಗ್ಗ, ಇಂಕ್ ದುಬಾರಿ ಎನ್ನುವ ಹಾಗೆ.

ಒಂದೇ ಒಂದು ಆಟವನ್ನೂ ಕೊಳ್ಳದೆ ಸಾವಿರಾರು ಪೆಟ್ಟಿಗೆ ಮಾತ್ರ ಒಯ್ಯುವ ಗಿರಾಕಿ ಇಂಥ ವ್ಯಾಪಾರಕ್ಕೆ ಎಷ್ಟು ಲಾಭದಾಯಕ ಎಂದು ನೀವೇ ಊಹಿಸಿ. ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಅಳವಡಿಸಲು ಇದ್ದ ಅವಕಾಶವನ್ನು ಸೋನಿ ಭದ್ರತೆಯ ಕಾರಣ ನೀಡಿ 2010ರ ಏಪ್ರಿಲ್ 1ರ ಅಪ್‌ಡೇಟ್ ಮೂಲಕ ತೆಗೆದುಹಾಕಿತು. ಆ ಸೌಲಭ್ಯಕ್ಕಾಗಿ ದುಡ್ಡು ಕೊಟ್ಟವರು ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು, 2016ರಲ್ಲಿ ರಾಜಿಯಾಯಿತು. ಮನೆಗೆ ತಂದ ಯಂತ್ರದ ಸೌಲಭ್ಯವನ್ನು ಕಂಪನಿ ದೂರದಿಂದಲೇ ಕಿತ್ತುಕೊಳ್ಳಬಹುದು ಎಂದು ಎಷ್ಟೋ ಜನರಿಗೆ ಗೊತ್ತಾದದ್ದು ಆಗ.

ಬೆಂಗಳೂರಿನ ಪರಮ್‌ಗಿಂತ ಗೇಮ್ ಪೆಟ್ಟಿಗೆ ಮೇಲೇ?

ಈಗಿನ ಜಾಹೀರಾತುಗಳ ಮಂತ್ರ ‘ಟೆರಾಫ್ಲಾಪ್’. ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. ಪ್ಲೇಸ್ಟೇಷನ್ 5ರದ್ದು 10.28, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದ್ದು ಸುಮಾರು 12.

ಈ ಸಂಖ್ಯೆ ಬರುವುದು ಹೇಗೆ ಗೊತ್ತೇ? ಯಾರೂ ಆಟ ಆಡಿಸಿ ಅಳೆದು ಹೇಳಿದ್ದಲ್ಲ. ಪ್ಲೇಸ್ಟೇಷನ್ 5ರ ಗ್ರಾಫಿಕ್ಸ್ ಚಿಪ್ಪಿನಲ್ಲಿ 36 ಘಟಕಗಳಿವೆ. ಒಂದೊಂದರಲ್ಲಿ 64 ಲೆಕ್ಕಿಗರು. ಪ್ರತಿಯೊಬ್ಬನೂ ಒಂದು ಬಡಿತಕ್ಕೆ ಒಂದು ಗುಣಾಕಾರ, ಒಂದು ಸಂಕಲನ, ಅಂದರೆ ಎರಡು ಲೆಕ್ಕ ಮಾಡಬಲ್ಲ. ಸೆಕೆಂಡಿಗೆ ಗರಿಷ್ಠ 223 ಕೋಟಿ ಬಡಿತ. ಎಲ್ಲವನ್ನೂ ಗುಣಿಸಿದರೆ 10.28 ಲಕ್ಷ ಕೋಟಿ. ಎಲ್ಲ ಲೆಕ್ಕಿಗರೂ ಒಂದು ಕ್ಷಣವೂ ಕಾಯದೆ ದುಡಿದರೆ ಮಾತ್ರ ಇದು ನಿಜ. ವಾಸ್ತವದಲ್ಲಿ ಮೆಮೊರಿಯಿಂದ ಮಾಹಿತಿ ಬರಲಿ ಎಂದು ಅವರು ಕಾಯುತ್ತಲೇ ಇರುತ್ತಾರೆ. ಕಾಗದದ ಮೇಲೆ ಎರಡು ಟೆರಾಫ್ಲಾಪ್ ವ್ಯತ್ಯಾಸವಿದ್ದರೂ ಎರಡೂ ಯಂತ್ರಗಳಲ್ಲಿ ಬರುವ ಒಂದೇ ಆಟವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ.

ಇನ್ನು ಸೂಪರ್ ಕಂಪ್ಯೂಟರ್ ಹೋಲಿಕೆ. ಸಿ-ಡ್ಯಾಕ್ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪಿಸಿದ ಪರಮ್ ಪದ್ಮ 2003ರ ಜೂನ್‌ನಲ್ಲಿ ಜಗತ್ತಿನ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 171ನೇ ಸ್ಥಾನದಲ್ಲಿತ್ತು. ಅದರ ಗರಿಷ್ಠ ಸಾಮರ್ಥ್ಯ ಒಂದು ಟೆರಾಫ್ಲಾಪ್. ಹಾಗಾದರೆ ಒಂದು ಗೇಮ್ ಪೆಟ್ಟಿಗೆ ಹತ್ತು ಪರಮ್ ಪದ್ಮಗಳಿಗೆ ಸಮವೇ? ಅಲ್ಲ. ಸೂಪರ್ ಕಂಪ್ಯೂಟರ್ ಲೆಕ್ಕವನ್ನು 64 ಬಿಟ್ ನಿಖರತೆಯಲ್ಲಿ ಹೇಳುತ್ತಾರೆ. ಹವಾಮಾನ ಮುನ್ಸೂಚನೆಯಂಥ ಕೆಲಸದಲ್ಲಿ ಕೋಟಿಗಟ್ಟಲೆ ಹಂತಗಳ ಲೆಕ್ಕವಿರುತ್ತದೆ, ಸಣ್ಣ ತಪ್ಪು ಬೆಳೆದು ಬೆಟ್ಟವಾಗಬಾರದು. ಆಟದಲ್ಲಿ ಒಂದು ಎಲೆಯ ಬಣ್ಣ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಯಾರಿಗೂ ತೊಂದರೆಯಿಲ್ಲ. ಹಾಗಾಗಿ ಕನ್ಸೋಲ್‌ನವರು ಹೇಳುವುದು 32 ಬಿಟ್ ಲೆಕ್ಕ. ಈ ಬಗೆಯ ಗ್ರಾಫಿಕ್ಸ್ ಚಿಪ್ಪುಗಳಲ್ಲಿ 64 ಬಿಟ್ ಲೆಕ್ಕದ ವೇಗ ಸಾಮಾನ್ಯವಾಗಿ ಅದರ 16ನೇ ಒಂದು ಭಾಗ. 10.28 ಅನ್ನು 16ರಿಂದ ಭಾಗಿಸಿ: 0.64. ಇಪ್ಪತ್ತು ವರ್ಷ ಹಳೆಯ ಪರಮ್ ಪದ್ಮವೇ ಮುಂದೆ! ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ 3,300 ಟೆರಾಫ್ಲಾಪ್. ಅಂದಹಾಗೆ, ವಾಯುಪಡೆಯ ಪ್ಲೇಸ್ಟೇಷನ್ ಗುಂಪು ಚಿತ್ರ ಸಂಸ್ಕರಣೆಗೆ ಒಗ್ಗಿದ್ದಕ್ಕೂ ಇದೇ ಕಾರಣ. ಆ ಕೆಲಸಕ್ಕೆ 32 ಬಿಟ್ ನಿಖರತೆ ಸಾಕಾಗುತ್ತದೆ.

ಟವೆಲ್ ಸುತ್ತಿದರೆ ಸರಿಹೋಗುತ್ತದೆಯೇ?

ಊದುವ ಮದ್ದಿಗೆ ಹೋಲಿಸಿದರೆ ಹೆಚ್ಚು ಅಪಾಯದ ಮನೆಮದ್ದೊಂದು ಎಕ್ಸ್‌ಬಾಕ್ಸ್ 360 ಕಾಲದಲ್ಲಿ ಹುಟ್ಟಿತು. ಸೋನಿಗಿಂತ ಒಂದು ವರ್ಷ ಮೊದಲೇ, 2005ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಇದನ್ನು ಮಾರುಕಟ್ಟೆಗೆ ತಂದಿತು. ಚೆಂದದ, ತೆಳುವಾದ ಪೆಟ್ಟಿಗೆ. ಆದರೆ ಒಳಗೆ ಡಿವಿಡಿ ಡ್ರೈವ್ ಗ್ರಾಫಿಕ್ಸ್ ಚಿಪ್ಪಿನ ಮೇಲೇ ಕೂತಿದ್ದರಿಂದ, ಆ ಚಿಪ್ಪಿನ ಬಿಸಿ ಹೊರಹಾಕುವ ಲೋಹದ ಭಾಗಕ್ಕೆ ಎತ್ತರದ ಜಾಗವೇ ಇರಲಿಲ್ಲ. ಕಾಯುವುದು, ತಣಿಯುವುದು ಮತ್ತೆ ಮತ್ತೆ ನಡೆದು ಚಿಪ್ಪಿನ ಸೂಕ್ಷ್ಮ ಬೆಸುಗೆಗಳು ಬಿರುಕುಬಿಡುತ್ತಿದ್ದವು. ಮುಂಭಾಗದಲ್ಲಿ ಮೂರು ಕೆಂಪು ದೀಪ ಹೊತ್ತಿದರೆ ಯಂತ್ರದ ಕಥೆ ಮುಗಿಯಿತೆಂದೇ ಅರ್ಥ. 2007ರ ಜುಲೈನಲ್ಲಿ ಕಂಪನಿ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಅದಕ್ಕಾಗಿ 100 ಕೋಟಿ ಡಾಲರ್‌ಗಿಂತ ಹೆಚ್ಚು ಹಣ ತೆಗೆದಿಡಬೇಕಾಯಿತು.

ಈ ಯಂತ್ರವನ್ನು ಟವೆಲ್‌ನಲ್ಲಿ ಸುತ್ತಿ ಹೊತ್ತಿಸಿಟ್ಟರೆ ಬಿಸಿಗೆ ಬೆಸುಗೆ ಕರಗಿ ಕೂಡಿಕೊಳ್ಳುತ್ತದೆ ಎಂಬ ವಿಡಿಯೋಗಳು ಆಗ ಭಾರೀ ಓಡಿದವು. ಸೀಸವಿಲ್ಲದ ಬೆಸುಗೆ ಕರಗಲು 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು. ಟವೆಲ್ ಒಳಗೆ ಅಷ್ಟು ಬಿಸಿಯಾದರೆ ಬೆಸುಗೆಗಿಂತ ಮೊದಲು ಮನೆಯವರು ಓಡಬೇಕಾಗುತ್ತದೆ. ಬಿಸಿಗೆ ಭಾಗಗಳು ಹಿಗ್ಗಿ ಬಿರುಕು ತಾತ್ಕಾಲಿಕವಾಗಿ ಮುಚ್ಚಿಕೊಂಡು ಕೆಲವು ಗಂಟೆ ಯಂತ್ರ ನಡೆದಿರಬಹುದು. ಅಷ್ಟಕ್ಕೇ ವಿಡಿಯೋ ಮುಗಿಯುತ್ತಿತ್ತು, ಮರುದಿನದ್ದನ್ನು ಯಾರೂ ತೋರಿಸುತ್ತಿರಲಿಲ್ಲ. ಬಿಸಿಯಾಗುವ ಯಾವುದೇ ಯಂತ್ರವನ್ನು, ಚಾರ್ಜ್ ಆಗುತ್ತಿರುವ ಫೋನನ್ನೂ ಸೇರಿಸಿ, ಬಟ್ಟೆಯಲ್ಲಿ ಸುತ್ತಬೇಡಿ.

ದೊಡ್ಡ ಸಂಖ್ಯೆಗಳ ಹಿಂದೆ ಬೀಳದೆ ಗೆದ್ದವರೂ ಇದ್ದಾರೆ. ನಿಂಟೆಂಡೊದ ಗುನ್‌ಪೆ ಯೊಕೊಯ್ ಅವರದು ಹಳೆಯ, ಅಗ್ಗದ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕು ಎಂಬ ನಿಲುವು. 1989ರ ಗೇಮ್ ಬಾಯ್‌ಗೆ ಬಣ್ಣದ ಪರದೆಯೇ ಇರಲಿಲ್ಲ. ಬಣ್ಣದ ಪರದೆಯಿದ್ದ ಸೇಗಾದ ಗೇಮ್ ಗಿಯರ್ ಆರು ಸೆಲ್‌ಗಳನ್ನು ನಾಲ್ಕೈದು ಗಂಟೆಯಲ್ಲಿ ಮುಗಿಸುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್‌ಗಳಲ್ಲಿ ಹತ್ತು ಗಂಟೆಗೂ ಹೆಚ್ಚು ಹೊತ್ತು ನಡೆಯುತ್ತಿತ್ತು. ಮುಂದೆ ಬಂದ ಬಣ್ಣದ ಆವೃತ್ತಿಯೂ ಸೇರಿ ಸುಮಾರು 11.9 ಕೋಟಿ ಗೇಮ್ ಬಾಯ್‌ಗಳು ಮಾರಾಟವಾದವು.

ಪೆಟ್ಟಿಗೆಯ ಮೇಲಿನ ಅಕ್ಷರಗಳು

ಈಗ ಅಂಗಡಿಗೆ ಹೋಗೋಣ. ಪ್ಲೇಸ್ಟೇಷನ್ 5 ಬಿಡುಗಡೆಯಾದಾಗ ಅದರ ರಟ್ಟಿನ ಡಬ್ಬದ ಮೇಲೆ ‘8ಕೆ’ ಎಂಬ ಗುರುತಿತ್ತು. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿದ್ದರೆ 8ಕೆ ಚಿತ್ರದಲ್ಲಿ ಸುಮಾರು 3.3 ಕೋಟಿ. ಅಂದರೆ ನಾಲ್ಕು ಪಟ್ಟು ಕೆಲಸ. 8ಕೆ ನಿಖರತೆಯಲ್ಲಿ ಆಟಗಳು ಬಂದದ್ದು ಅತಿ ವಿರಳ. 2024ರ ಹೊತ್ತಿಗೆ ಹೊಸ ಡಬ್ಬಗಳಲ್ಲಿ ಆ ಗುರುತು ಕಾಣೆಯಾಗಿದ್ದನ್ನು ಗ್ರಾಹಕರು ಗಮನಿಸಿದರು. ಈ ಗುರುತು ನೋಡಿ ಹೊಸ ಟೀವಿ ಕೊಳ್ಳಲು ಹೊರಟವರಿದ್ದರೆ ಅವರ ದುಡ್ಡು ವ್ಯರ್ಥವಾಯಿತು ಎಂದೇ ಹೇಳಬೇಕು.

ಅದೇ ಡಬ್ಬದ ಮೇಲಿನ 825 ಜಿಬಿಯಲ್ಲಿ ಆಟಗಳಿಗೆ ಸಿಗುತ್ತಿದ್ದುದು ಸುಮಾರು 667 ಜಿಬಿ. ಉಳಿದದ್ದು ಯಂತ್ರದ ಸ್ವಂತ ತಂತ್ರಾಂಶಕ್ಕೆ. ನಿಮ್ಮ ಫೋನಿನಲ್ಲೂ ಇದೇ ಕಥೆ. ಒಂದೊಂದು ದೊಡ್ಡ ಆಟವೇ ನೂರು ಜಿಬಿ ನುಂಗುವ ಕಾಲದಲ್ಲಿ ಈ ಅಂತರ ಸಣ್ಣದಲ್ಲ.

ಇನ್ನು ಟ್ರೇಲರ್‌ಗಳು. 2005ರಲ್ಲಿ ಸೋನಿ ‘ಕಿಲ್‌ಝೋನ್ 2’ ಆಟದ ಬೆರಗು ಹುಟ್ಟಿಸುವ ವಿಡಿಯೋ ತೋರಿಸಿತು. ಅದು ಯಂತ್ರದಲ್ಲಿ ಓಡುತ್ತಿದ್ದ ಆಟವಲ್ಲ, ಮೊದಲೇ ಸಿದ್ಧಪಡಿಸಿದ ಚಿತ್ರ ಎನ್ನುವುದು ಆಮೇಲೆ ಹೊರಬಂತು. ಇದರ ತದ್ವಿರುದ್ಧವೂ ನಡೆಯುತ್ತದೆ. ‘ಆರ್ಮಾ 3’ ಎಂಬ ಆಟದ ದೃಶ್ಯಗಳನ್ನೇ ನಿಜವಾದ ಯುದ್ಧದ ವಿಡಿಯೋ ಎಂದು ಜನ ಎಷ್ಟು ಹಂಚಿಕೊಂಡರೆಂದರೆ, ಅದನ್ನು ತಯಾರಿಸಿದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿ 2022ರ ನವೆಂಬರ್‌ನಲ್ಲಿ ಇವನ್ನು ಗುರುತಿಸುವುದು ಹೇಗೆ ಎಂದು ಹೇಳಿಕೆಯನ್ನೇ ಹೊರಡಿಸಬೇಕಾಯಿತು. ಅಸ್ಪಷ್ಟವಾದ, ರಾತ್ರಿಯ ಹೊತ್ತಿನ, ಶಬ್ದವಿಲ್ಲದ, ಮನುಷ್ಯರೇ ಕಾಣದ ಯುದ್ಧದ ವಿಡಿಯೋ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದು ನೆನಪಿರಲಿ.

ಕನ್ಸೋಲ್ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಟೆರಾಫ್ಲಾಪ್ ಎಷ್ಟು ಎಂಬುದಲ್ಲ. ಮಕ್ಕಳಿಗೆ ಬೇಕಾದ ಆಟ ಇದರಲ್ಲಿ ಬರುತ್ತದೆಯೇ, ಒಂದೊಂದು ಆಟಕ್ಕೆ ಎಷ್ಟು, ಸ್ನೇಹಿತರ ಜೊತೆ ಆನ್‌ಲೈನ್ ಆಡಲು ವರ್ಷಕ್ಕೆ ಎಷ್ಟು ಚಂದಾ ಕಟ್ಟಬೇಕು ಎಂದು ಕೇಳಿ. ಮೂರು ವರ್ಷದ ಖರ್ಚನ್ನು ಕೂಡಿಸಿ ನೋಡಿದರೆ ಪೆಟ್ಟಿಗೆಯ ಬೆಲೆ ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ ಇರುತ್ತದೆ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990 ರೂಪಾಯಿ ಇತ್ತು. ಹತ್ತು ಸಾವಿರ ಉಳಿಯಿತಲ್ಲ ಎಂದು ಎರಡನೆಯದನ್ನು ಕೊಂಡರೆ ಆಟಗಳನ್ನು ಕಂಪನಿಯ ಆನ್‌ಲೈನ್ ಅಂಗಡಿಯಿಂದಲೇ ಡೌನ್‌ಲೋಡ್ ಮಾಡಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಡಿಸ್ಕ್ ತರುವ ಹಾಗಿಲ್ಲ, ಆಡಿ ಮುಗಿಸಿದ್ದನ್ನು ಮಾರುವ ಹಾಗಿಲ್ಲ, ಪಕ್ಕದ ಮನೆಯ ಹುಡುಗನ ಹತ್ತಿರ ಎರಡು ದಿನಕ್ಕೆಂದು ಇಸಿದುಕೊಳ್ಳುವ ಹಾಗೂ ಇಲ್ಲ.